ಸೈನಿಕನ ಬೆನ್ನಿನ ರೇಡಿಯೋ ಮತ್ತು ಅದರ ವಿದ್ಯುತ್ತು
(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ವಿದ್ಯುತ್ತಿನ ಪಾಠ ಬಂದಾಗಲೆಲ್ಲ ನಾವು ಅಧ್ಯಾಪಕರು ಎದುರಿಸುವ ಪ್ರಶ್ನೆ ಒಂದೇ: ಇದನ್ನು ಕನ್ನಡದಲ್ಲಿ ಕಲಿತರೆ ಮುಂದೇನು ಗತಿ? ಕೇಳುವವರು ಮಕ್ಕಳಲ್ಲ, ಪೋಷಕರು. ವಾದ ಹೂಡುವುದಕ್ಕಿಂತ ಯಂತ್ರವೊಂದನ್ನು ಕನ್ನಡದಲ್ಲಿಯೇ ಬಿಚ್ಚಿ ತೋರಿಸುವುದು ಲೇಸೆಂದು ಭಾವಿಸಿ, ಎರಡನೆಯ ಮಹಾಯುದ್ಧದ ಸೇನಾ ರೇಡಿಯೋವನ್ನು ಆರಿಸಿಕೊಂಡಿದ್ದೇವೆ.

ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಕೊನೆಯಲ್ಲಿ. ಅದಕ್ಕೆ ಮುನ್ನ ಸಂಕೇತವನ್ನು ವರ್ಧಿಸುತ್ತಿದ್ದುದು ನಿರ್ವಾತ ಕೊಳವೆ, ಹಿರಿಯರ ಬಾಯಲ್ಲಿ 'ವಾಲ್ವು'. ವಾಲ್ವಿಗೆ ಎರಡು ಬಗೆಯ ಹಸಿವು. ಅದರ ತಂತು ಕಾದು ಇಲೆಕ್ಟ್ರಾನುಗಳನ್ನು ಹೊರಸೂಸಬೇಕು. ಅದಕ್ಕೆ ಒಂದೂವರೆ ವೋಲ್ಟು ಸಾಕು, ಪ್ರವಾಹ ಮಾತ್ರ ಧಾರಾಳವಾಗಿ ಬೇಕು. ಆ ಇಲೆಕ್ಟ್ರಾನುಗಳನ್ನು ಫಲಕದತ್ತ ಸೆಳೆಯಲು ನೂರರ ಆಸುಪಾಸಿನ ವೋಲ್ಟು ಬೇಕು; ಅಲ್ಲಿ ಪ್ರವಾಹ ಅತ್ಯಲ್ಪ. ಆದುದರಿಂದಲೇ ಒಂದೇ ಪೆಟ್ಟಿಗೆಯಲ್ಲಿ ಎರಡು ವಿದ್ಯುತ್ ಮೂಲಗಳು.

ಅಮೆರಿಕದ ಸೇನೆಯ ಎಸ್‌ಸಿಆರ್-536 ಕೈಯಲ್ಲಿ ಹಿಡಿಯುವ ಸೆಟ್ಟು. ಐದು ವಾಲ್ವು, ಸುಮಾರು ಎರಡೂಕಾಲು ಕಿಲೋ ತೂಕ. ಆಂಟೆನಾ ಹೊರಗೆಳೆದರೆ ಚಾಲೂ, ಒಳಗೆ ತಳ್ಳಿದರೆ ಬಂದ್; ಗಡಿಬಿಡಿಯಲ್ಲಿರುವವನಿಗೆ ಇದಕ್ಕಿಂತ ಸರಳವಾದ ಸ್ವಿಚ್ಚು ನಮಗಂತೂ ತೋಚದು. ಅದರ ಒಂದು ಬ್ಯಾಟರಿ 1.5 ವೋಲ್ಟಿನದು, ಇನ್ನೊಂದು 103.5 ವೋಲ್ಟಿನದು. ಒಣಕೋಶವೊಂದರ ವೋಲ್ಟು ಒಂದೂವರೆಯಾದರೆ ಎರಡನೆಯದರಲ್ಲಿ ಎಷ್ಟು ಕೋಶಗಳು? ಏಳನೆಯ ತರಗತಿಯವರು ತಕ್ಷಣ ಹೇಳಿದರು: ಅರವತ್ತೊಂಬತ್ತು. ಇಷ್ಟೆಲ್ಲ ಹೊತ್ತರೂ ಪ್ರಸಾರ ಶಕ್ತಿ ಅರ್ಧ ವ್ಯಾಟಿಗಿಂತ ಕಡಿಮೆ; ನೆಲದ ಮೇಲೆ ಒಂದು ಮೈಲಿ ಕೇಳಿಸಿದರೆ ಪುಣ್ಯ.

ಬೆನ್ನಿಗೆ ಕಟ್ಟುವ ಎಸ್‌ಸಿಆರ್-300ರಲ್ಲಿ ಹದಿನೆಂಟು ವಾಲ್ವುಗಳು. 40ರಿಂದ 48 ಮೆಗಾಹರ್ಟ್ಸ್, ಎಫ್‌ಎಂ ವಿಧಾನ, ಸುಮಾರು ಮೂರು ಮೈಲಿ ವ್ಯಾಪ್ತಿ. ಹದಿನೈದು ಕಿಲೋ ಮೀರಬಹುದಾದ ಆ ಹೊರೆಯ ತಳಭಾಗವನ್ನೆಲ್ಲ ಬ್ಯಾಟರಿಯೇ ಆಕ್ರಮಿಸಿತ್ತು. ಬ್ಯಾಟರಿ ಮುಗಿದರೆ ಸೈನಿಕನ ಬೆನ್ನ ಮೇಲೆ ಉಳಿಯುವುದು ಬರಿಯ ಕಬ್ಬಿಣ; ಹಿಂದಿನ ತುಕಡಿಗೆ ಅವನು ಬದುಕಿರುವ ಸುದ್ದಿಯೂ ತಲುಪದು. ಬಿಸಿಲಿನ, ತೇವದ ನಾಡುಗಳಲ್ಲಿ ಸತುವಿನ ಒಣಕೋಶಗಳು ಉಗ್ರಾಣದಲ್ಲಿಯೇ ಸತ್ವ ಕಳೆದುಕೊಳ್ಳುತ್ತಿದ್ದವು. ಆ ಸಂಕಟವೇ ಸ್ಯಾಮ್ಯುಯೆಲ್ ರೂಬೆನ್ ಅವರ ಪಾದರಸ ಕೋಶಕ್ಕೆ ದಾರಿಮಾಡಿತು.

ನಮ್ಮ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ಕೈಯಿಂದ ತಿರುಗಿಸುವ ಜನಕ. ಕೊರಿಯಾ ಯುದ್ಧದಲ್ಲಿ ಬಳಕೆಯಲ್ಲಿದ್ದ ಎಎನ್/ಜಿಆರ್‌ಸಿ-9 ಸೆಟ್ಟಿನೊಂದಿಗೆ ಜಿಎನ್-58 ಎಂಬ ಜನಕವಿರುತ್ತಿತ್ತು. ಒಬ್ಬನು ಅದರ ಪೀಠದ ಮೇಲೆ ಕುಳಿತು ಎರಡೂ ಕೈಗಳಿಂದ ಹಿಡಿಕೆ ತಿರುಗಿಸಬೇಕು. ಇನ್ನೊಬ್ಬನು ಸಂದೇಶ ಕಳುಹಬೇಕು. ಪ್ರೇಷಕದ ಕೀಲಿಯನ್ನು ಒತ್ತಿದೊಡನೆ ಹಿಡಿಕೆ ಭಾರವಾಗುತ್ತದೆ, ಬಿಟ್ಟೊಡನೆ ಹಗುರವಾಗುತ್ತದೆ. ಪ್ರವಾಹ ಹರಿದಾಗ ಸುರುಳಿಯಲ್ಲಿ ಹುಟ್ಟುವ ಕಾಂತಬಲ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ: ಲೆಂಝ್ ನಿಯಮ. ಪುಟಗಟ್ಟಲೆ ಬರೆಸಿದರೂ ತಲೆಗೇರದ ಈ ನಿಯಮ ತೋಳಿಗೆ ಬೇಗ ತಿಳಿಯುತ್ತದೆ. ವಾಹನಗಳಲ್ಲಿ ಇಷ್ಟು ಶ್ರಮವಿಲ್ಲ. ಅಲ್ಲಿ ಡೈನಮೋಟರು ವಾಹನದ ಬ್ಯಾಟರಿಯ ಅಲ್ಪ ವೋಲ್ಟನ್ನು ನೂರಾರು ವೋಲ್ಟಿಗೇರಿಸುತ್ತಿತ್ತು.

ಗುಜರಿಯಲ್ಲಿ ಹಳೆಯ ಸೆಟ್ಟು ಸಿಕ್ಕಿತೆಂದು ಯಾರೂ ಮನೆಯಲ್ಲಿ ಬಿಚ್ಚಬಾರದು. ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳು ಆವೇಶವನ್ನು ಹಿಡಿದಿಟ್ಟಿರುತ್ತವೆ.

ಸ್ವತಂತ್ರ ಭಾರತದ ಸೇನೆಗೆ ಇಂತಹ ಉಪಕರಣಗಳನ್ನು ಇಲ್ಲಿಯೇ ತಯಾರಿಸಲೆಂದು 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು.

ಪ್ರಯೋಗಾಲಯದ ಮೇಜಿನ ಮೇಲೆ ಸೈಕಲ್ ಡೈನಮೋ ಜೋಡಿಸಿದ ಮಾದರಿಯೊಂದಿದೆ. ಪೋಷಕರು ಒಮ್ಮೆ ಹಿಡಿಕೆ ತಿರುಗಿಸಬೇಕು, ಮಕ್ಕಳು ದೀಪದ ಸ್ವಿಚ್ಚು ಒತ್ತುತ್ತಾರೆ. ಹಿಡಿಕೆ ಏಕೆ ಬಿಗಿಯಾಯಿತೆಂದು ಅವರನ್ನೇ ಕೇಳಿರಿ, ಕನ್ನಡದಲ್ಲಿಯೇ ವಿವರಿಸುತ್ತಾರೆ.