ಹಾಲೂ ಬೆಕ್ಕೂ



ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿಹೋದ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ರಾಜಸಭೆ ಬೆರಗಾದುದು ಸಹಜವೇ. ಬೆಕ್ಕಿಗೆ ಹಾಲೇ ಪರಮಾನ್ನವೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಬಲವಾದುದು. ಪಶುವೈದ್ಯರ ಮಾತಾದರೋ ಬೇರೆ. ತಾಯಿಯ ಮೊಲೆ ಬಿಟ್ಟ ತರುವಾಯ ಬಹುಪಾಲು ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಕುಂದುತ್ತದೆ. ನಾಲಿಗೆಗೆ ರುಚಿಸಿದ ಹಾಲು ಹೊಟ್ಟೆಗೆ ಒಗ್ಗದೆ ಭೇದಿಯಾಗುವುದುಂಟು.

“ನಮ್ಮ ಅಜ್ಜಿಯ ಬೆಕ್ಕು ಮೊಸರನ್ನ ತಿಂದೇ ಪುಷ್ಟವಾಗಿತ್ತಲ್ಲ?” ಎಂದು ನೀವು ಕೇಳಬಹುದು. ಆ ಬೆಕ್ಕಿಗೆ ಅಟ್ಟದ ಇಲಿ, ಹಿತ್ತಿಲ ಹಲ್ಲಿ, ಓತಿಕೇತಗಳ ಮೇಲುಸಂಪಾದನೆ ಇದ್ದಿತು. ಇಂದು ಮೂರನೆಯ ಅಂತಸ್ತಿನಲ್ಲಿ, ಮುಚ್ಚಿದ ಬಾಗಿಲೊಳಗೆ ಬೆಳೆಯುವ ಬೆಕ್ಕಿಗೆ ಸಂಬಳವೊಂದೇ ಗತಿ. ಆ ಸಂಬಳ ಬರಿಯ ಮೊಸರನ್ನವಾದರೆ ಅದು ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಮಾಂಸದಲ್ಲಿರುವ ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣು ಕೆಡುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ಪ್ರಕಟಿಸಿದರು.

ಶಾಕಾಹಾರ ನಾವು ಕೈಕೊಂಡ ವ್ರತ. ಬೆಕ್ಕು ಅದಕ್ಕೆ ಸಂಕಲ್ಪ ಮಾಡಿಲ್ಲ. ಮನೆಯಲ್ಲಿ ಮೀನು, ಮಾಂಸ ಬೇಯಿಸಲೊಲ್ಲದವರು ಬೆಕ್ಕುಗಳಿಗೆಂದೇ ಸಿದ್ಧಪಡಿಸಿದ ಪೂರ್ಣಾಹಾರವನ್ನು ಅಂಗಡಿಯಿಂದ ತರಬಹುದು. ಅದರಲ್ಲಿಯೂ ಸಾಮಾನ್ಯವಾಗಿ ಮಾಂಸವಿರುತ್ತದೆ. ಅದೂ ಸಲ್ಲದೆಂಬುವರು ಬೆಕ್ಕನ್ನು ಸಾಕದಿರುವುದೇ ನಿಜವಾದ ಅಹಿಂಸೆ.

ಇನ್ನು ನೀರಿನ ವಿಚಾರ. ಬೆಕ್ಕಿನ ಪೂರ್ವಿಕರು ಪಶ್ಚಿಮ ಏಷ್ಯದ ಒಣನಾಡಿನವರು; ಆದುದರಿಂದ ಇದು ನೀರು ಕುಡಿಯುವುದು ಕಡಮೆ. ಊಟದ ತಟ್ಟೆಯಿಂದ ದೂರವಾಗಿ, ಅಗಲವಾದ ಬಟ್ಟಲಲ್ಲಿ ದಿನವೂ ಹೊಸ ನೀರಿಡಿರಿ. ಗಂಡುಬೆಕ್ಕು ಪದೇ ಪದೇ ಕುಳಿತು ಮುಕ್ಕುತ್ತಿದ್ದರೆ ಮಲಬದ್ಧತೆಯೆಂದು ಉದಾಸೀನ ಮಾಡಬೇಡಿರಿ. ಮೂತ್ರದ್ವಾರ ಕಟ್ಟಿಕೊಂಡಿದ್ದರೆ ಒಂದೆರಡು ದಿನಗಳಲ್ಲಿ ಪ್ರಾಣವೇ ಹೋದೀತು. ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯಬೇಕು.

ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆಯನ್ನು ಕೊಟ್ಟೀರಿ, ಜೋಕೆ! ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲುದು. ಈರುಳ್ಳಿ, ಬೆಳ್ಳುಳ್ಳಿಗಳು ಅದರ ರಕ್ತಕಣಗಳನ್ನು ನಾಶಪಡಿಸುತ್ತವೆ. ಹೂದಾನಿಯ ಲಿಲಿ ಮೂತ್ರಪಿಂಡಗಳಿಗೆ ವಿಷ. ಹುಚ್ಚುನಾಯಿ ರೋಗ ಬೆಕ್ಕಿಗೂ ತಗಲುವುದರಿಂದ ಅದರ ಚುಚ್ಚುಮದ್ದನ್ನು ಕಾಲಕಾಲಕ್ಕೆ ತಪ್ಪದೆ ಹಾಕಿಸಬೇಕು.

ಆರೋಗ್ಯದಂತೆಯೇ ಉಲ್ಲಾಸವೂ ಮುಖ್ಯ. ಬೇಟೆಯಿಲ್ಲದ ಬೆಕ್ಕಿಗೆ ಬೇಸರ ಬೇಗ. ಊಟಕ್ಕೆ ಮುಂಚೆ ಹತ್ತು ನಿಮಿಷ ದಾರಕ್ಕೆ ಕಟ್ಟಿದ ಬಟ್ಟೆಯ ಉಂಡೆಯನ್ನು ಎಳೆದು ಆಡಿಸಿರಿ. ಆಟ ಮುಗಿದೊಡನೆ ದಾರವನ್ನು ಎತ್ತಿಡಿರಿ, ನುಂಗಿದರೆ ಕರುಳಿಗೆ ಅಪಾಯ. ಏರಿ ಕೂರಲು ಕಿಟಕಿಯ ಬಳಿ ಒಂದು ಹಲಗೆ, ಉಗುರು ಮಸೆಯಲು ಒಂದು ಗೋಣಿತಟ್ಟು ಇದ್ದರೆ ನಿಮ್ಮ ಸೋಫಾ ಸಹ ಉಳಿದೀತು.