ಹಾವಿನ ವಿಷ ಮತ್ತು ಜೀವಕೋಶದ ಪೊರೆ



ಹಾವು ಕಚ್ಚಿದವರ ಜೊತೆ ಬಂದವರು ನಮ್ಮನ್ನು ಪದೇಪದೇ ಕೇಳುವ ಮಾತೊಂದಿದೆ: "ಸಿಸ್ಟರ್, ಇಂಜೆಕ್ಷನ್ ಕೊಟ್ಟಾಯಿತಲ್ಲ, ಇನ್ನೂ ಯಾಕೆ ಕಣ್ಣು ಬಿಡವಲ್ಲರು?" ಇದಕ್ಕೆ ಉತ್ತರ ಬೇಕಾದರೆ ವಿಷವು ಒಳಗೆ ಮಾಡುವ ಕೆಲಸವನ್ನು ತಿಳಿಯಬೇಕು.

ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ತೆಳುವಾದ ಪೊರೆ ಇದೆ. ಅದು ಮುಖ್ಯವಾಗಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನಿಂದ ಆದದ್ದು. ಅದರ ಒಂದೊಂದು ಕಣಕ್ಕೂ ಒಂದು ತಲೆ, ಎರಡು ಬಾಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಲ್ಲೂ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವವಿದೆ. ಅದು ಕತ್ತರಿಯಂತೆ ಒಂದು ಬಾಲವನ್ನು ಕತ್ತರಿಸುತ್ತದೆ. ಉಳಿದ ತುಂಡು ಸೋಪಿನಂತೆ ವರ್ತಿಸಿ ಪೊರೆಯನ್ನು ಸಡಿಲಿಸುತ್ತದೆ. ಇಂಥದೇ ಕಿಣ್ವ ನಮ್ಮ ಮೇದೋಜೀರಕ ಗ್ರಂಥಿಯಿಂದಲೂ ಬರುತ್ತದೆ. ಕರುಳಿನಲ್ಲಿ ಅದು ಉಂಡ ಕೊಬ್ಬನ್ನು ಜೀರ್ಣಿಸುತ್ತದೆ. ವಿಷದೊಡನೆ ಬಂದರೆ ನಮ್ಮ ಪೊರೆಯನ್ನೇ ಜೀರ್ಣಿಸುತ್ತದೆ.

ಕಟ್ಟುಹಾವಿನ ವಿಷ ನರದ ತುದಿಗಳನ್ನು ಹಾಳುಮಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚಿದರೆ ನೋವು, ಬಾವು ಇಲ್ಲದೆಯೂ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟ ಕಂಡರೆ ತಡಮಾಡಬೇಡಿ. ಕೊಳಕುಮಂಡಲದ ವಿಷದಲ್ಲಿ ಬೇರೆ ಕಿಣ್ವಗಳೂ ಸೇರಿ ರಕ್ತ ಹೆಪ್ಪುಗಟ್ಟದಂತಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಅದಕ್ಕೇ ನಾವು ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಇಟ್ಟು ನೋಡುವುದು, ಮೂತ್ರವನ್ನು ಅಳೆಯುವುದು.

ಪ್ರತಿವಿಷದ ಇಂಜೆಕ್ಷನ್ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ. ಆದರೆ ಈಗಾಗಲೇ ಹಾಳಾದ ನರದ ತುದಿಯನ್ನು ಅದು ಹೊಲಿಯಲಾರದು. ಆದ್ದರಿಂದ ಬೇಗ ಬಂದಷ್ಟೂ ಲಾಭ. ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು; ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ.

ಹಾವು ಕಚ್ಚಿದಾಗ ನೆನಪಿಡಿ:

• ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ.
• ಉಂಗುರ, ಬಳೆ, ಕಾಲುಂಗುರ ತೆಗೆಯಿರಿ.
• ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿಕಟ್ಟಿ, ನಡೆಸದೆ ಕರೆತನ್ನಿ. 108ಕ್ಕೆ ಕರೆ ಮಾಡಿ.
• ಹಾವನ್ನು ಹುಡುಕುತ್ತ, ನಾಟಿ ಮದ್ದು ಮಾಡಿಸುತ್ತ ಹೊತ್ತು ಕಳೆಯಬೇಡಿ.

2024ರಲ್ಲಿ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಲಾಗಿದೆ. ನಾವು ವಿವರ ಬರೆದುಕೊಂಡರೆ ಗಾಬರಿಯಾಗಬೇಡಿ.

ಕೊನೆಯದಾಗಿ, ಉಸಿರಾಟದ ಯಂತ್ರ ಹಾಕಿದವರ ಮನೆಯವರಲ್ಲಿ ನನ್ನದೊಂದು ವಿನಂತಿ. ಕಟ್ಟುಹಾವು ಕಚ್ಚಿದವರ ನರದ ತುದಿಗಳು ಮತ್ತೆ ಬೆಳೆಯಲು ದಿನಗಳೇ ಬೇಕು. ಅಷ್ಟು ದಿನ ಯಂತ್ರವೇ ಅವರ ಉಸಿರು. "ಮದ್ದು ಹತ್ತಲಿಲ್ಲ" ಎಂದು ಮನೆಗೆ ಕರೆದೊಯ್ಯಬೇಡಿ. ಅವರಿಗೆ ರೆಪ್ಪೆ ಎತ್ತಲಾಗದಿದ್ದರೂ ಎಚ್ಚರವಿರಬಹುದು, ಕಿವಿ ಕೇಳುತ್ತಿರಬಹುದು. ಹಾಸಿಗೆಯ ಬಳಿ ಅಳಬೇಡಿ. ಹೆಸರು ಹಿಡಿದು ಕರೆಯಿರಿ, ಧೈರ್ಯದ ಮಾತಾಡಿ. ಔಷಧಿ ಕೊಡುವುದು ನಮ್ಮ ಕಾಯಕವಾದರೆ, ಧೈರ್ಯ ಕೊಡುವುದು ನಿಮ್ಮ ಕಾಯಕ.