ಕೈಗೆ ತಿಳಿಯುವ ದಾರಿ



ತಿಗನಾರೆಯಿಂದ ಸತ್ಯಮಂಗಲಕ್ಕೆ ಇಳಿಯುವ ನಮಗೆಲ್ಲ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳು ಚಿರಪರಿಚಿತ. ಅಲ್ಲಿ ಚಾಲಕನಿಗೆ ಕಣ್ಣಿನಂತೆ ಕಿವಿಯೂ ಕೈಯೂ ನೆರವಾಗುತ್ತವೆ. ವಿದ್ಯುತ್ ಕಾರಿನಲ್ಲಾದರೋ ಎಂಜಿನ್ನಿನ ಸದ್ದಿಲ್ಲ. ವೇಗವೇರಿದುದು ಕಿವಿಗೆ ಬೇಗನೆ ತಿಳಿಯದು. ಆಗ ರಸ್ತೆಯ ಸುದ್ದಿ ತರುವ ಹೊಣೆ ಸ್ಟಿಯರಿಂಗಿನ ಮೇಲೆ ಹೆಚ್ಚಾಗಿ ಬೀಳುತ್ತದೆ. ಇಂದಿನ ಹಲವು ಕಾರುಗಳಂತೆ ಇದರಲ್ಲಿಯೂ ಅದನ್ನು ತಿರುಗಿಸಲು ಪುಟ್ಟ ಮೋಟಾರೊಂದು ಸಹಾಯ ಮಾಡುತ್ತದೆ. ಆ ಸಹಾಯ ಮಿತಿಮೀರಿದರೆ ಸ್ಟಿಯರಿಂಗು ಬೆರಳಿಗೂ ಹಗುರ. ಆದರೆ ಮಳೆಯಲ್ಲಿ ಟಯರಿನ ಹಿಡಿತ ಸಡಿಲುವುದು ಅಂಗೈಗೆ ಅರಿವಾಗದು. ಬ್ಯಾಟರಿಯಿಂದ ಕಾರಿನ ತೂಕವೂ ಹೆಚ್ಚು. ಕೈಗೆ ಹಗುರವೆನಿಸಿದ ಮಾತ್ರಕ್ಕೆ ಆ ಭಾರ ಕರಗುವುದಿಲ್ಲ. ಆದುದರಿಂದ ಕಾರು ಕೊಳ್ಳುವಾಗ ಪೇಟೆಯ ಬೀದಿಯಲ್ಲಿ ಮಾತ್ರವಲ್ಲದೆ ಘಟ್ಟದ ತಿರುವಿನಲ್ಲಿಯೂ ನಿಧಾನವಾಗಿ ಓಡಿಸಿ ಪರೀಕ್ಷಿಸೋಣ. ಹಿಂದೆ ಕುಳಿತಿರುವವರು ನಮ್ಮ ಮಕ್ಕಳೆಂಬುದನ್ನು ಮರೆಯದಿರೋಣ.